ಇತಿಹಾಸವನ್ನು ಆಟವಾಗಿಸಿದ ಯೂಹಾನ್ ಆಂಡರ್ಸನ್

ಚದುರಂಗದ ಮಣೆಯ ಮೇಲೆ ರಾಜನಿದ್ದಾನೆ, ಮಂತ್ರಿಯಿದ್ದಾನೆ, ಆನೆ ಕುದುರೆ ಕಾಲಾಳುಗಳಿದ್ದಾರೆ. ಆದರೆ ಆ ರಾಜನ ಬೊಕ್ಕಸವನ್ನು ತುಂಬುವವರು ಯಾರು, ಸೈನ್ಯಕ್ಕೆ ಅನ್ನ ಬೆಳೆಯುವವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಗಣಕಯಂತ್ರದಲ್ಲಿ ಆಡುವ ‘ಗ್ರ್ಯಾಂಡ್ ಸ್ಟ್ರಾಟೆಜಿ’ ಎಂಬ ಐತಿಹಾಸಿಕ ಕ್ರೀಡಾಪ್ರಕಾರಕ್ಕೆ ಈ ಪ್ರಶ್ನೆಯೇ ಮುಖ್ಯವಾದುದು. ಆಡುವವನು ಒಂದು ದೇಶವನ್ನು ಆರಿಸಿಕೊಂಡು, ಅದರ ತೆರಿಗೆ, ವಾಣಿಜ್ಯ, ಸಂಧಿವಿಗ್ರಹ, ರಾಜಮನೆತನಗಳ ವಿವಾಹಸಂಬಂಧ ಇವೆಲ್ಲವನ್ನೂ ನಿರ್ವಹಿಸುತ್ತ ಶತಮಾನಗಳನ್ನು ದಾಟಬೇಕು. ಈ ಪ್ರಕಾರವನ್ನು ಬೆಳೆಸಿದವರಲ್ಲಿ ಸ್ವೀಡನ್ ದೇಶದ ಯೂಹಾನ್ ಆಂಡರ್ಸನ್ ಅಗ್ರಗಣ್ಯರು.

1990ರ ದಶಕದ ಕೊನೆಯಲ್ಲಿ ಅವರು ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆಯನ್ನು ಪ್ರೋಗ್ರಾಮರ್ ಆಗಿ ಸೇರಿದರು. ಫ್ರಾನ್ಸಿನ ಫಿಲಿಪ್ ತಿಬೋ ಅವರು 1993ರಲ್ಲಿ ಹೊರತಂದಿದ್ದ ‘ಯುರೋಪಾ ಯೂನಿವರ್ಸಾಲಿಸ್’ ಎಂಬ ಮಣೆಯಾಟವು ನೂರಾರು ಬಿಲ್ಲೆಗಳನ್ನೂ ದೀರ್ಘವಾದ ನಿಯಮಾವಳಿಯನ್ನೂ ಉಳ್ಳದ್ದು. ಅದನ್ನು ಒಮ್ಮೆ ಆಡಿ ಮುಗಿಸುವುದೇ ಒಂದು ಸಾಹಸ. ಸಂಸ್ಥೆಯು ಅದನ್ನು ಗಣಕಯಂತ್ರಕ್ಕೆ ಅಳವಡಿಸಿತು. 2000ದಲ್ಲಿ ಬಂದ ಈ ಹೊಸ ರೂಪದಲ್ಲಿ ಲೆಕ್ಕದ ಭಾರವೆಲ್ಲ ಯಂತ್ರದ್ದಾಯಿತು. ಕಾಲವು ತಾನಾಗಿಯೇ ಹರಿಯುತ್ತಿತ್ತು, ಬೇಕೆಂದಾಗ ಅದನ್ನು ನಿಲ್ಲಿಸಿ ಆಲೋಚಿಸಬಹುದಾಗಿತ್ತು. ಎರಡನೆಯ ಮಹಾಯುದ್ಧವನ್ನು ಕುರಿತ ‘ಹಾರ್ಟ್ಸ್ ಆಫ್ ಐರನ್’ (2002) ಮೊದಲಾದ ಆಟಗಳು ಇದರ ಬೆನ್ನಿಗೇ ಬಂದುವು.

2013ರಲ್ಲಿ ಪ್ರಕಟವಾದ ನಾಲ್ಕನೆಯ ‘ಯುರೋಪಾ ಯೂನಿವರ್ಸಾಲಿಸ್’ 1444ರ ನವೆಂಬರ್ 11ರಂದು ಆರಂಭವಾಗುತ್ತದೆ. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯನು ಆಳುತ್ತಿದ್ದನು. ಆ ರಾಜ್ಯವನ್ನೂ ಆಡುವವರು ಆರಿಸಿಕೊಳ್ಳಬಹುದು. ಇಲ್ಲಿ ಆಡಳಿತ, ರಾಯಭಾರ, ಯುದ್ಧ ಎಂಬ ಮೂರು ವಿಷಯಗಳಲ್ಲಿ ಅರಸನಿಗೆ ಸೊನ್ನೆಯಿಂದ 6ರವರೆಗೆ ಅಂಕಗಳುಂಟು. ಅವುಗಳಿಗೆ ಅನುಗುಣವಾಗಿ ತಿಂಗಳು ತಿಂಗಳೂ ಶಕ್ತಿ ಸಂಚಯವಾಗುತ್ತದೆ. ಆ ಸಂಚಯವನ್ನು ವ್ಯಯಿಸಿದರೆ ರಾಜ್ಯದ ಬಹುಪಾಲು ಕಾರ್ಯಗಳು ನಡೆಯುತ್ತವೆ. ನಿಯಮವು ಸರಳ, ಆಟಕ್ಕೆ ಬಿಗಿಯನ್ನೂ ತರುವಂಥದು. ಆದರೆ ಕೆರೆಗಳನ್ನು ಕಟ್ಟಿದವರು, ಬಟ್ಟೆಯನ್ನು ನೇಯ್ದವರು ಎಲ್ಲಿ ಹೋದರು ಎಂದು ಇತಿಹಾಸದ ಅಧ್ಯಾಪಕರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

2019ರಲ್ಲಿ ಆಂಡರ್ಸನ್ ಇದೇ ತತ್ತ್ವವನ್ನು ‘ಇಂಪೆರೇಟರ್: ರೋಮ್’ ಆಟದಲ್ಲಿ ಮತ್ತಷ್ಟು ಮುಂದಕ್ಕೆ ಒಯ್ದರು. ಕೂಡಿಟ್ಟ ಶಕ್ತಿಯನ್ನು ತೆತ್ತು ಗುಂಡಿಯೊತ್ತಿದರೆ ಸಾಕು, ಒಂದು ಜನಸಮೂಹದ ಮತವೇ ಕ್ಷಣಾರ್ಧದಲ್ಲಿ ಬದಲಾಗುತ್ತಿತ್ತು. ಮನುಷ್ಯರು ಹಾಗೆ ಬದಲಾಗುವವರಲ್ಲವೆಂದು ಆಡುವವರೇ ಆಕ್ಷೇಪಿಸಿದರು. ಅದೇ ವರ್ಷ ಆ ವ್ಯವಸ್ಥೆಯನ್ನು ತೆಗೆದುಹಾಕಲಾಯಿತಾದರೂ ದೂರವಾದವರು ಮರಳಲಿಲ್ಲ. 2021ರಲ್ಲಿ ಆ ಆಟದ ಬೆಳವಣಿಗೆ ನಿಂತುಹೋಯಿತು.

ಅಷ್ಟರಲ್ಲಿ, 2020ರಲ್ಲಿ, ಸ್ಪೇನಿನ ಬಾರ್ಸೆಲೋನಾ ಸಮೀಪ ‘ಟಿಂಟೊ’ ಎಂಬ ಹೊಸ ಶಾಖೆ ಅವರ ನೇತೃತ್ವದಲ್ಲಿ ಸ್ಥಾಪಿತವಾಗಿತ್ತು. ಪ್ರಸಿದ್ಧ ರಚನಕಾರರು ಸಾಮಾನ್ಯವಾಗಿ ಮಾಡದ ಕೆಲಸವೊಂದನ್ನು ಅವರು ಅಲ್ಲಿ ಕೈಗೊಂಡರು. ಸಿದ್ಧವಾಗುತ್ತಿದ್ದ ಆಟದ ಹೆಸರನ್ನು ಸಹ ಹೇಳದೆ, 2024ರಿಂದ ವಾರವಾರವೂ ಅದರ ರಚನೆಯನ್ನು ಬಹಿರಂಗವಾಗಿ ವಿವರಿಸುತ್ತ ಬಂದರು. ಪ್ರದೇಶ ಪ್ರದೇಶಗಳ ಭೂಪಟಗಳು ಪ್ರಕಟವಾದುವು; ನಾನಾ ದೇಶಗಳ ಆಸಕ್ತರು ಊರುಗಳ ಹೆಸರುಗಳನ್ನೂ ಗಡಿಗಳನ್ನೂ ತಿದ್ದಿ ತಿಳಿಸಿದರು.

ಆ ಐದನೆಯ ‘ಯುರೋಪಾ ಯೂನಿವರ್ಸಾಲಿಸ್’ 2025ರ ನವೆಂಬರ್ 4ರಂದು ಬಿಡುಗಡೆಯಾಯಿತು. ಅದು ಆರಂಭವಾಗುವುದು 1337ರಲ್ಲಿ. ಸಂಪ್ರದಾಯದ ಗಣನೆಯಂತೆ ವಿಜಯನಗರದ ಸ್ಥಾಪನೆಯಾಗಿ ಆಗಿನ್ನೂ ಒಂದೇ ವರ್ಷ. ಹೊಯ್ಸಳ ಮುಮ್ಮಡಿ ಬಲ್ಲಾಳನು ಇನ್ನೂ ಜೀವಿಸಿದ್ದನು. ಅರಸನ ಅಂಕಗಳ ಸಂಚಯದ ಸ್ಥಾನದಲ್ಲಿ ಈಗ ರೈತರು, ಪಟ್ಟಣಿಗರು, ಧರ್ಮಾಧಿಕಾರಿಗಳು, ಸರದಾರರು ಎಂದು ಪ್ರತಿ ಸ್ಥಳದ ಜನರ ಎಣಿಕೆಯಿದೆ. ತೆರಿಗೆ, ಸರಕು, ಸೈನ್ಯಗಳು ಹುಟ್ಟುವುದು ಅವರಿಂದಲೇ. ಆಟದ ಮೊದಲ ಹತ್ತು ವರ್ಷಗಳು ಕಳೆಯುತ್ತಿದ್ದಂತೆ ಯುರೋಪಿಗೆ ಮಹಾಮಾರಿ ಪ್ಲೇಗು ಬರುತ್ತದೆ; ಉಳುವವರು ಸಾಯುತ್ತಾರೆ, ಬೊಕ್ಕಸ ಬತ್ತುತ್ತದೆ, ಕೂಡಿಟ್ಟ ಯಾವ ಅಂಕದಿಂದಲೂ ಅವರನ್ನು ಮರಳಿ ಪಡೆಯಲಾಗುವುದಿಲ್ಲ.