ಮಾಳಿಗೆಯ ಮಣ್ಣು, ತಾರಸಿಯ ಕಾವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಕೊಟ್ಟೂರಿನ ತೇರು, ಮೈಲಾರದ ಕಾರಣಿಕ, ಹಡಗಲಿಯ ಮಲ್ಲಿಗೆ ಎಲ್ಲ ಆಮೇಲೆ. ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರಕ್ಕೆ ಬಂತು. ಜಿಲ್ಲೆ ಎಷ್ಟು ಸಲ ಬದಲಾದರೂ ಬಿಸಿಲು ಊರು ಬಿಡಲಿಲ್ಲ. ಬದಲಾದದ್ದು ಆ ಬಿಸಿಲಿನ ಕೆಳಗೆ ನಿಂತ ಮನೆ. ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೆ ಇಲ್ಲಿನ ಯಾವುದೇ ಹೊಸ ಬಡಾವಣೆಯಲ್ಲಿ ನಡೆದು ನೋಡಿ. ಬೀದಿಯಲ್ಲಿ ಗಾಳಿ ಆರಿದೆ, ಕಟ್ಟೆಯ ಮೇಲೆ ಕುಳಿತವರು ಹಾಯಾಗಿ ಮಾತನಾಡುತ್ತಿದ್ದಾರೆ. ಒಳಗೆ ಕಾಲಿಟ್ಟರೆ ಮಾತ್ರ ತಲೆಯ ಮೇಲಿನಿಂದ ಒಲೆಯ ಝಳ! ಹೊರಗಿಲ್ಲದ ಸೆಖೆ ಒಳಗೆ ಎಲ್ಲಿಂದ ಬಂತು?

ಉತ್ತರಕ್ಕೆ ಮೊದಲು ಇಲ್ಲಿನ ಹವೆಯ ಗುಣ ತಿಳಿಯಬೇಕು. ಸಮುದ್ರ ಮಟ್ಟದಿಂದ ಐನೂರು-ಆರುನೂರು ಮೀಟರ್ ಎತ್ತರದ ಒಣ ಬಯಲು ಇದು. ಮುಂಗಾರು ಗಾಳಿ ತನ್ನ ನೀರನ್ನೆಲ್ಲ ಮಲೆನಾಡಿನಲ್ಲಿ ಸುರಿದು, ಇಲ್ಲಿಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರಿನದು. ಗಾಳಿಯಲ್ಲಿ ನೀರಾವಿ ಕಡಿಮೆಯಿದ್ದರೆ ನೆಲ ಹಗಲು ಬೇಗ ಕಾಯುತ್ತದೆ, ರಾತ್ರಿ ತೆರೆದ ಆಕಾಶಕ್ಕೆ ತನ್ನ ಕಾವನ್ನು ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಮಾರ್ಚಿಯಲ್ಲಿ ಹಗಲು ರಾತ್ರಿಗಳ ಉಷ್ಣಾಂಶಕ್ಕೆ ಹದಿನೈದು ಡಿಗ್ರಿಯಷ್ಟು ಅಂತರ. ಮೋಡ ಮುಚ್ಚಿದ ಜುಲೈನಲ್ಲಿ ಅದು ಒಂಬತ್ತು-ಹತ್ತಕ್ಕೆ ಇಳಿಯುತ್ತದೆ.

ಎರಡನೆಯದು ಸೂರ್ಯನ ಲೆಕ್ಕ. ಈ ತಾಲ್ಲೂಕುಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಹತ್ತಿರದಲ್ಲಿವೆ. ಹೀಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಮ್ಮೆ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಡಿಸೆಂಬರ್ ಕೊನೆಯಲ್ಲಾದರೆ ಅವನು ದಕ್ಷಿಣಕ್ಕೆ ಸುಮಾರು 38 ಡಿಗ್ರಿ ವಾಲಿರುತ್ತಾನೆ. ಚಳಿಗಾಲದಲ್ಲಿ ತೆಂಕಣ ಗೋಡೆಗೂ ಕಟ್ಟೆಗೂ ಬಿಸಿಲು ದೊರೆಯುವುದು, ಮುದುಕರು ಅಲ್ಲಿಯೇ ಬಂದು ಕೂರುವುದು ಇದರಿಂದ. ಬೇಸಿಗೆಯಲ್ಲಿ ಮನೆಯನ್ನು ಹೆಚ್ಚು ಕಾಯಿಸುವುದು ಗೋಡೆಯಲ್ಲ, ಛಾವಣಿ. ಈ ಸೀಮೆಯ ಮನೆಯ ಕಥೆಯೆಲ್ಲ ಛಾವಣಿಯ ಕಥೆಯೇ.

ಹಳೆಯ ಮಾಳಿಗೆ ಮನೆಯನ್ನು ನೋಡಿದವರಿಗೆ ಗೊತ್ತು. ಒಂದೂವರೆ-ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಅಥವಾ ಬಿದಿರು, ಅದರ ಮೇಲೆ ಬಂದರಿಕೆ ಸೊಪ್ಪಿನಂಥ ಒರಟು ಸೊಪ್ಪಿನ ಹಾಸು, ಕೊನೆಗೆ ಅಡಿಗಟ್ಟಲೆ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಕರಲು ಮಣ್ಣು. ಕೆಲವೆಡೆ ಚೌಳು ಮಣ್ಣು ಎನ್ನುತ್ತಾರೆ. ಹೊಲದಲ್ಲಿ ಕಂಡರೆ ರೈತ ಶಪಿಸುವ ಈ ಮಣ್ಣು ಮಾಳಿಗೆಗೆ ಮಾತ್ರ ಬೇಕೇ ಬೇಕು. ಅದರಲ್ಲಿರುವ ಸೋಡಿಯಂ ಉಪ್ಪು, ನೀರು ತಾಗಿದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಆ ನುಣ್ಣನೆಯ ಕಣಗಳು ಸಂದುಗಳಲ್ಲಿ ಕುಳಿತು ಬಾಯಿ ಮುಚ್ಚುತ್ತವೆ, ಮಳೆನೀರು ಇಳಿಯದೆ ಜಾರಿಹೋಗುತ್ತದೆ. ಹೊಲದಲ್ಲಿ ಬೆಳೆಯನ್ನು ಕೆಡಿಸುವ ಗುಣವೂ ಇದೇ.

ಒಂದಡಿ ಮಣ್ಣಿನ ಮೇಲೆ ಬಿದ್ದ ಮಧ್ಯಾಹ್ನದ ಕಾವು ಅದರ ತಳಕ್ಕೆ ತಲುಪಲು ಸುಮಾರು ಒಂಬತ್ತು-ಹತ್ತು ತಾಸು ಬೇಕು. ದಾರಿಯಲ್ಲೇ ಅದು ಸೊರಗುತ್ತದೆ ಕೂಡ: ಮೇಲೆ ಆಗುವ ಏರಿಳಿತದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಕೆಳಗೆ ಕಾಣುತ್ತದೆ. ಮಧ್ಯಾಹ್ನ ಎರಡಕ್ಕೆ ಹೊರಗೆ 40 ಡಿಗ್ರಿ ಇದ್ದರೂ ಒಳಗಿನ ಪಡಸಾಲೆ ತಂಪಾಗಿರುವುದು ಇದರಿಂದಲೇ. ಉಳಿದ ಬಿಸಿಗಾಳಿ, ಒಲೆಯ ಹೊಗೆ ಹೊರಗೆ ಹೋಗಲು ಮಾಳಿಗೆಯಲ್ಲೊಂದು ಗವಾಕ್ಷಿ. ಮಳೆ ಬಂದರೆ ಅದಕ್ಕೊಂದು ಚಪ್ಪಡಿ ಮುಚ್ಚಿದರಾಯಿತು. ಹಗಲಿನ ಕಾವು ಕಡೆಗೂ ಒಳಗಿಳಿಯುವುದು ರಾತ್ರಿಯ ಹೊತ್ತಿಗೆ. ಆಗ ಮನೆಯಲ್ಲಿ ಯಾರಿರುತ್ತಿದ್ದರು? ಬೇಸಿಗೆ ಬಂತೆಂದರೆ ಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರುತ್ತಿದ್ದರು, ಇಲ್ಲವೆ ಅಂಗಳಕ್ಕೆ, ಕಟ್ಟೆಗೆ ಬರುತ್ತಿದ್ದರು. ಆಕಾಶಕ್ಕೆ ನೇರ ತೆರೆದುಕೊಂಡ ಮೈ ಬೇಗ ತಣಿಯುತ್ತದೆ. ಮಣ್ಣಿನ ಮಾಳಿಗೆ ಹಗಲು ಕೊಡೆ, ರಾತ್ರಿ ಮಂಚ.

ಚಳಿಗಾಲಕ್ಕೆ ಇದೇ ಲೆಕ್ಕ ತಿರುಗುಮುರುಗು. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಜಾವದ ಉಷ್ಣಾಂಶ 15 ಡಿಗ್ರಿಯ ಸುತ್ತ ಇಳಿಯುವಾಗ, ಹಗಲು ಮಾಳಿಗೆ ಕುಡಿದ ಬಿಸಿಲು ನಿದ್ದೆಯ ಹೊತ್ತಿಗೆ ಒಳಗಿಳಿದು ಉಪಕಾರ ಮಾಡುತ್ತದೆ. ಜೊತೆಗೆ ಇನ್ನೊಂದು ವ್ಯವಸ್ಥೆ ಇತ್ತು. ಅದನ್ನು ನಾವು ಬಿಸಿ ಮಾಡುವ ಯಂತ್ರವೆಂದು ಎಣಿಸುವುದಿಲ್ಲ, ಅಷ್ಟೆ. ಬಹಳ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಸಿಗುವುದು ದನದ ಅಂಕಣ. ಅದಕ್ಕಿಂತ ಎರಡಡಿ ಎತ್ತರಕ್ಕೆ ಪಡಸಾಲೆ. ಸಾಧಾರಣ ಗಾತ್ರದ ನಾಟಿ ಎತ್ತಿನ ಮೈಯಿಂದ ಹೊಮ್ಮುವ ಶಾಖ ನಾನೂರು-ಐನೂರು ವಾಟ್ ಆಗುತ್ತದೆ. ಒಂದು ಜೋಡಿ ಎತ್ತು ಕಟ್ಟಿದ ಮನೆಯಲ್ಲಿ ಒಂದು ಕಿಲೋವಾಟಿನ ಹೀಟರು ರಾತ್ರಿಯಿಡೀ ಉರಿದಂತೆ; ಹೊಟ್ಟು-ಮೇವಲ್ಲದೆ ಬೇರೆ ಬಿಲ್ಲಿಲ್ಲ. ನೊಣ, ಗಂಜಲದ ವಾಸನೆ, ಸೊಳ್ಳೆ ಎಲ್ಲ ಉಚಿತ. ಟ್ರಾಕ್ಟರು ಬಂದು ಎತ್ತು ಹೋದ ಮೇಲೆ ಆ ಶಾಖವೂ ಹೋಯಿತು. ಕುರುಬರು ನೇಯ್ದ ಕರಿ ಕಂಬಳಿ ಇನ್ನೂ ಅಲ್ಲಲ್ಲಿ ಉಳಿದಿದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಒದ್ದೆಯೆನಿಸುವುದಿಲ್ಲ. ಅದಕ್ಕೇ ಕುರಿ ಕಾಯುವವರಿಗೆ ಚಳಿಗೂ ಅದೇ, ಜಡಿಮಳೆಗೂ ಅದೇ. ಅಂತೂ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವವರೆಗೆ ಇಷ್ಟರಲ್ಲೇ ಸಾಗುತ್ತಿತ್ತು.

ಹಾಗಾದರೆ ಜನ ಮಾಳಿಗೆ ಮನೆ ಬಿಟ್ಟದ್ದೇಕೆ? ಪೇಟೆಯ ಶೋಕಿಗೆ ಎಂದು ಬರೆಯುವವರಿದ್ದಾರೆ. ಆ ಮಾತು ಅನ್ಯಾಯದ್ದು. ಮೃಗಶಿರ ಮಳೆ ಹಿಡಿಯುವ ಮುನ್ನ ಪ್ರತಿವರ್ಷ ಬಂಡಿಗಟ್ಟಲೆ ಕರಲು ಮಣ್ಣು ತಂದು, ಮೇಲಕ್ಕೆ ಹೊತ್ತು, ಹರಡಿ, ಬಡಿದು ಕೂರಿಸಬೇಕು. ಆ ಬುಟ್ಟಿ ಹೊರುವ ತಲೆಗಳಲ್ಲಿ ಹೆಣ್ಣುಮಕ್ಕಳವೇ ಬಹಳ. ಒಂದು ವರ್ಷ ತಪ್ಪಿದರೆ ಮನೆಯೆಲ್ಲ ಸೋರು. ಪಾತ್ರೆ-ಪಗಡಗಳನ್ನು ನಡುಮನೆಯಲ್ಲಿ ಸಾಲಾಗಿ ಇಡಬೇಕು. ತಪ್ಪದೆ ಹಾಕಿದರೆ ಇನ್ನೊಂದು ತೊಂದರೆ: ವರ್ಷದಿಂದ ವರ್ಷಕ್ಕೆ ಪದರ ಏರಿ ಭಾರ ಹೆಚ್ಚುತ್ತದೆ. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ ಐದು ಕ್ವಿಂಟಲಿನ ಹತ್ತಿರ. ನೆನೆದರೆ ಇನ್ನೂ ಹೆಚ್ಚು. ಗೆದ್ದಲು ಹಿಡಿದ ಜಂತಿ ಅದನ್ನು ಎಷ್ಟು ದಿನ ಹೊತ್ತೀತು? ವಾರಗಟ್ಟಲೆ ಹಿಡಿಯುವ ಹಿಂಗಾರು ಮಳೆಯಲ್ಲಿ ಮಣ್ಣಿನ ಮನೆಗಳು ರಾತ್ರೋರಾತ್ರಿ ಕುಸಿಯುತ್ತವೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಕಂಡದ್ದು ಅದನ್ನೇ. ಬೇಸಿಗೆಯಲ್ಲಿ ಕಾಪಾಡುವ ಛಾವಣಿ ಚಿತ್ತಾ-ಸ್ವಾತಿ ಮಳೆಯಲ್ಲಿ ಕೊಲ್ಲಬಲ್ಲದು. ಸೋರದ, ಬೀಳದ ಸೂರು ಬೇಕೆಂದವರನ್ನು ದೂರುವ ಹಕ್ಕು ಯಾರಿಗಿದೆ?

ಬಂದದ್ದು ಕಾಂಕ್ರೀಟು ತಾರಸಿ. ನಾಲ್ಕಂಗುಲ ದಪ್ಪದ ಈ ಹಲಗೆಯನ್ನು ದಾಟಲು ಕಾವಿಗೆ ಎರಡೂವರೆ-ಮೂರು ತಾಸು ಸಾಕು, ಅದೂ ಅರ್ಧದಷ್ಟು ಬಲ ಉಳಿಸಿಕೊಂಡು. ಮಧ್ಯಾಹ್ನ ಒಂದೆರಡು ಗಂಟೆಯ ಉರಿ ಸಂಜೆ ನಾಲ್ಕೈದಕ್ಕೆ ಒಳಛಾವಣಿಗೆ ಬರುತ್ತದೆ. ಅಲ್ಲಿಂದ ನಡುರಾತ್ರಿಯವರೆಗೆ ಹಲಗೆ ಮೇಲಕ್ಕಷ್ಟೇ ಅಲ್ಲ, ಕೆಳಕ್ಕೂ ಕಾವು ಬೀರುತ್ತಲೇ ಇರುತ್ತದೆ. ಹೊರಗಿಲ್ಲದ ಸೆಖೆ ಒಳಗೆ ಬಂದದ್ದು ಹೀಗೆ. ಹಗಲನ್ನು ತಡೆಯುವಷ್ಟು ದಪ್ಪವಿಲ್ಲ, ರಾತ್ರಿ ಬೇಗ ಆರುವಷ್ಟು ತೆಳುವೂ ಇಲ್ಲ. ಕಾಂಕ್ರೀಟಿನ ತಪ್ಪು ಅದು ಬಿಸಿಯಾಗುವುದಲ್ಲ. ಬಿಸಿಯನ್ನು ತಪ್ಪು ಹೊತ್ತಿಗೆ ಕೊಡುವುದು. ಫ್ಯಾನು ಹಾಕಿದರೆ ಆ ಬಿಸಿಗಾಳಿಯೇ ಕೆಳಗಿಳಿದು ಮುಖಕ್ಕೆ ಬಡಿಯುತ್ತದೆ. ಮೇಲೆ ಹೋಗಿ ಮಲಗೋಣವೆಂದರೆ ಹಲವರಿಗೆ ಮೆಟ್ಟಿಲಿಲ್ಲ, ಉಳಿದವರಿಗೆ ಸೊಳ್ಳೆಯ ಕಾಟ, ಕಳ್ಳರ ಭಯ.

ಅದಕ್ಕಿಂತ ಬಡವರದು ತಗಡಿನ ಮನೆ. ತಗಡಿಗೆ ನೆನಪೇ ಇಲ್ಲ. ಬಿಸಿಲಲ್ಲಿ 60 ಡಿಗ್ರಿ ದಾಟಿ, ಕತ್ತಲಾದ ತಾಸಿನಲ್ಲಿ ತಣ್ಣಗಾಗುತ್ತದೆ. ರಾತ್ರಿಯ ಮಟ್ಟಿಗೆ ಕಾಂಕ್ರೀಟಿಗಿಂತ ಮೇಲೆಂದೇ ಹೇಳಬೇಕು. ಆದರೆ ಕೂಸು, ಬಾಣಂತಿ, ಹಾಸಿಗೆ ಹಿಡಿದ ಮುದುಕರು ಹಗಲು ಎಲ್ಲಿಗೆ ಹೋಗಬೇಕು? ಜನವರಿಯಲ್ಲಿ ಇದೇ ತಗಡಿನ ಕೆಳಗೆ ಹೊರಗಿನಷ್ಟೇ ಚಳಿ. ಉಸಿರಿನ ಆವಿ ಹನಿಗಟ್ಟಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಮೇಲೆ ಮಲಗುವಂತೆಯೂ ಇಲ್ಲ. ಮಾಳಿಗೆ ಹೋಯಿತೆಂದರೆ ಬೇಸಿಗೆಯ ರಾತ್ರಿಯ ಕೋಣೆಯೇ ಹೋದಂತೆ.

ಈ ಕೊರತೆ ತುಂಬಲು ಬಂದದ್ದು ಏರ್ ಕೂಲರ್. ಇದು ನಮ್ಮ ನೀರಿನ ಹರವಿಯ ತಮ್ಮ. ಹರವಿಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ಕಾವನ್ನು ಒಯ್ಯುತ್ತದೆ. ಕೂಲರಿನಲ್ಲಿ ಒದ್ದೆ ಹುಲ್ಲಿನ ಮೂಲಕ ಗಾಳಿ ಹಾಯಿಸಿದಾಗ ನಡೆಯುವುದೂ ಅದೇ. ಒಂದು ಲೀಟರ್ ನೀರು ಆವಿಯಾದರೆ ಸುಮಾರು ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆಯಷ್ಟು ಶಾಖ ಹೊರಟುಹೋಗುತ್ತದೆ. 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡ 20ರ ತೇವಾಂಶ ಇರುವ ಏಪ್ರಿಲ್ ಮಧ್ಯಾಹ್ನ ಒಳ್ಳೆಯ ಕೂಲರು 26 ಡಿಗ್ರಿಯ ಗಾಳಿ ಕೊಡಬಲ್ಲದು. ಜುಲೈನಲ್ಲಿ 30 ಡಿಗ್ರಿ, ಶೇಕಡ 75 ತೇವಾಂಶ ಇದ್ದರೆ ಅದೇ ಯಂತ್ರ ಮೂರು ಡಿಗ್ರಿ ಇಳಿಸಲೂ ತಿಣುಕುತ್ತದೆ. ಆಗ ಹರವಿಯ ನೀರೂ ತಣ್ಣಗಾಗುವುದಿಲ್ಲ, ಗಮನಿಸಿ. ಸೂರ್ಯ ಎರಡನೇ ಸಲ ನೆತ್ತಿಗೆ ಬರುವ ಆಗಸ್ಟಿನಲ್ಲಿ ಮಳೆ ಕೈಕೊಟ್ಟು ಮೋಡ ಸರಿದರೆ ತಾರಸಿ ಮತ್ತೆ ಕಾಯುತ್ತದೆ, ಕೂಲರು ಮಾತ್ರ ನೆರವಿಗೆ ಬರುವುದಿಲ್ಲ. ಕಿಟಕಿ ಮುಚ್ಚಿ ಕೂಲರು ಹಾಕುವವರದೊಂದು ತಪ್ಪು ಇಲ್ಲೇ ಹೇಳಬೇಕು: ಒದ್ದೆ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಅರ್ಧ ತಾಸಿನಲ್ಲಿ ಕೋಣೆಯೊಳಗೇ ಜುಲೈ ತಿಂಗಳು ಬಂದುಬಿಡುತ್ತದೆ.

ಇನ್ನು ನೀರು. ಕೂಲರೊಂದು ತಾಸಿಗೆ ನಾಲ್ಕೈದು ಲೀಟರ್ ಕುಡಿಯುತ್ತದೆ, ಒಣ ಮಧ್ಯಾಹ್ನ ಇನ್ನೂ ಹೆಚ್ಚು. ಅದು ಚೆನ್ನಾಗಿ ಕೆಲಸ ಮಾಡುವ ತಿಂಗಳುಗಳೇ ಕೊಳವೆಬಾವಿ ಬತ್ತುವ ತಿಂಗಳುಗಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೆ ಬಂದ 2024ರ ಬೇಸಿಗೆಯಲ್ಲಿ ಉತ್ತರ ಒಳನಾಡು ಬೆಂದುಹೋಯಿತು. ಟ್ಯಾಂಕರಿಗೆ ಕೊಡ ಸಾಲಿಟ್ಟು ನಿಂತವರು ಕೂಲರಿಗೆ ನೀರು ಎಲ್ಲಿಂದ ತರಬೇಕು?

ಹವಾಮಾನ ಇಲಾಖೆಯ ಲೆಕ್ಕ ಈ ಸಂಕಟವನ್ನು ಹಿಡಿಯುವುದಿಲ್ಲ. ಅದರ ಉಷ್ಣಮಾಪಕ ಇರುವುದು ಬಯಲಿನಲ್ಲಿ, ನೆಲದಿಂದ ನಾಲ್ಕಡಿ ಮೇಲೆ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯ ನೆರಳಲ್ಲಿ. ಬಯಲು ಸೀಮೆಯಲ್ಲಿ ಉಷ್ಣ ಅಲೆಯೆನ್ನಲು ಅಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು. 38 ಡಿಗ್ರಿಯ ದಿನ ರಾತ್ರಿ ಹನ್ನೊಂದಕ್ಕೆ ತಾರಸಿಯ ಕೆಳಗಿನ ಕೋಣೆ ಎಷ್ಟಿತ್ತೆಂಬುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಮೈ ಮಾತ್ರ ಲೆಕ್ಕ ಇಡುತ್ತದೆ. ರಾತ್ರಿ ತಣಿಯದ ದೇಹ ಮರುದಿನದ ಬಿಸಿಲಿಗೆ ದಣಿದೇ ಎದ್ದಿರುತ್ತದೆ. ಹೊಲದ ಕೂಲಿಗೆ, ಗಾರೆ ಕೆಲಸಕ್ಕೆ ಹೋಗುವವರಿಗೆ ಅದು ಸಣ್ಣ ಸಂಗತಿಯಲ್ಲ.

ಮತ್ತೆ ಮಣ್ಣಿನ ಮಾಳಿಗೆ ಹಾಕಿ ಎನ್ನುವುದು ಆಗದ ಮಾತು. ಆದರೆ ಛಾವಣಿಯ ಮೇಲೆ ಬಿಸಿಲು ಬೀಳದಂತೆ, ಬಿದ್ದರೂ ಹೀರದಂತೆ ಮಾಡಲು ಅಡ್ಡಿಯಿಲ್ಲ. ಯುಗಾದಿಯ ಹೊತ್ತಿಗೆ ತಾರಸಿಗೂ ತಗಡಿಗೂ ದಪ್ಪನಾಗಿ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಹೆಚ್ಚಿನ ಪಾಲು ಮರಳಿ ಮೇಲಕ್ಕೆ ಹೋಗುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿ ಮಾಡಿತು. ಅದರ ತಿರುಳೂ ಬಹುಮಟ್ಟಿಗೆ ಈ ಬಿಳುಪೇ. ತೆಂಗಿನ ಗರಿಯ ಅಥವಾ ಜೋಳದ ದಂಟಿನ ಚಪ್ಪರವನ್ನು ತಾರಸಿಯಿಂದ ಮೊಳದೆತ್ತರಕ್ಕೆ ಹಾಕಿ ನಡುವೆ ಗಾಳಿ ಓಡುವಂತೆ ಬಿಟ್ಟರೆ ಇನ್ನೂ ಒಳ್ಳೆಯದು. ದನ ಉಳಿದಿರುವ ಮನೆಯಲ್ಲಿ ದಂಟು ಹೇಗೂ ಇರುತ್ತದೆ. ಸುಣ್ಣ ಮಳೆಗೆ ತೊಳೆದುಹೋಗುತ್ತದಲ್ಲ ಎಂದು ಗೊಣಗುವವರುಂಟು. ಹೋಗಲಿ ಬಿಡಿ. ಹಿಂಗಾರು ಮುಗಿದು ಡಿಸೆಂಬರಿನ ಚಳಿ ಹಿಡಿಯುವಷ್ಟರಲ್ಲಿ ತಾರಸಿ ಪಾಚಿಗಟ್ಟಿ ಕಪ್ಪಾಗಿರುತ್ತದೆ, ವಾಲಿದ ಬಿಸಿಲನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಮುಂದಿನ ಯುಗಾದಿಗೆ ಮತ್ತೊಂದು ಬುಟ್ಟಿ ಸುಣ್ಣ ಮೇಲಕ್ಕೆ ಹೊತ್ತರಾಯಿತು. ಅದರ ಭಾರ ಕರಲು ಮಣ್ಣಿನಷ್ಟಿಲ್ಲ.