ಊಟದ ಹೊತ್ತಿನ ಇನ್ಸುಲಿನ್: ರೋಗಿಗಳೂ ಜೊತೆಗಿರುವವರೂ ತಿಳಿದಿರಬೇಕಾದದ್ದು

ಸಕ್ಕರೆ ಕಾಯಿಲೆಗೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟ ದಿನ ಬಹಳಷ್ಟು ಮನೆಗಳಲ್ಲಿ ಕಳವಳ ಶುರುವಾಗುತ್ತದೆ. "ಸೂಜಿಗೆ ಬಂತು ಅಂದರೆ ಕಾಯಿಲೆ ಕೈಮೀರಿತು", "ಒಮ್ಮೆ ಶುರು ಮಾಡಿದರೆ ಚಟವಾಗುತ್ತದೆ" ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಎರಡೂ ನಿಜವಲ್ಲ. ಇನ್ಸುಲಿನ್ ಹೊರಗಿನ ವಿಷವೇನಲ್ಲ. ಪ್ರತಿಯೊಬ್ಬರ ಮೇದೋಜೀರಕ ಗ್ರಂಥಿಯಲ್ಲಿ ದಿನವೂ ತಯಾರಾಗಬೇಕಾದ ರಸ ಅದು. ನಿಮ್ಮಲ್ಲಿ ಅದು ಸಾಲದಾಗಿದೆ, ಆದ್ದರಿಂದ ಹೊರಗಿನಿಂದ ಕೊಡುತ್ತೇವೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಇದನ್ನು ಮೊದಲು ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಆ ಹುಡುಗ ಆಮೇಲೆ ಇನ್ನೂ 13 ವರ್ಷ ಬದುಕಿದ.

ಆದರೆ ಇನ್ಸುಲಿನ್ನಿನಲ್ಲಿ ನಿಜವಾಗಿ ಎಚ್ಚರದಿಂದಿರಬೇಕಾದ ವಿಷಯ ಒಂದಿದೆ. ಅದು ಹೊತ್ತು. ಸೂಜಿಗೂ ಊಟಕ್ಕೂ ಹೊಂದಾಣಿಕೆ ತಪ್ಪಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಸಕ್ಕರೆ ಏರಿದರೆ ಆಗುವ ಹಾನಿ ಹೆಚ್ಚಾಗಿ ವರ್ಷಗಳ ಮೇಲೆ ಕಾಣುತ್ತದೆ, ಕುಸಿದರೆ ಆಗುವ ಹಾನಿ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಹಾಗಾಗಿ ಈ ಪುಟಗಳಲ್ಲಿ ಊಟದ ಹೊತ್ತಿನ ಇನ್ಸುಲಿನ್ ಬಗ್ಗೆಯೇ ಹೆಚ್ಚು ಹೇಳಲಾಗಿದೆ. ರೋಗಿಗೆ ಓದಲು ಆಗದಿದ್ದರೆ ಜೊತೆಗಿರುವವರು ಗಟ್ಟಿಯಾಗಿ ಓದಿ ಹೇಳಿ.

ನಿಮ್ಮದು ಯಾವ ಇನ್ಸುಲಿನ್?

ನಮ್ಮ ದೇಹ ಎರಡು ರೀತಿಯಲ್ಲಿ ಇನ್ಸುಲಿನ್ ಬಿಡುತ್ತದೆ. ಹಗಲು ರಾತ್ರಿ ಸಣ್ಣಗೆ ಒಸರುವುದು ಒಂದು, ಉಂಡ ಕೂಡಲೇ ಜೋರಾಗಿ ಬರುವುದು ಇನ್ನೊಂದು. ಸೂಜಿಯ ಇನ್ಸುಲಿನ್ ಕೂಡ ಹಾಗೆಯೇ. ಗ್ಲಾರ್ಜಿನ್, ಡೆಗ್ಲುಡೆಕ್ ಮೊದಲಾದವು ದಿನವಿಡೀ ನಿಧಾನವಾಗಿ ಕೆಲಸ ಮಾಡುತ್ತವೆ. ಅವುಗಳಿಗೂ ಊಟಕ್ಕೂ ನೇರ ಸಂಬಂಧವಿಲ್ಲ. ಊಟದ ಇನ್ಸುಲಿನ್‌ಗಳು ಬೇರೆ, ಅವುಗಳಲ್ಲಿಯೂ ಎರಡು ಬಗೆ.

ಒಂದು, ಹಳೆಯ ರೆಗ್ಯುಲರ್ ಇನ್ಸುಲಿನ್. ಅನೇಕರು ಇದನ್ನು ಪ್ಲೇನ್ ಇನ್ಸುಲಿನ್ ಎನ್ನುತ್ತಾರೆ. ಚುಚ್ಚಿಕೊಂಡ ಮೇಲೆ ಕೆಲಸ ಶುರುವಾಗಲು ಸುಮಾರು ಅರ್ಧ ಗಂಟೆ ಬೇಕು. 2ರಿಂದ 4 ಗಂಟೆಯ ಹೊತ್ತಿಗೆ ಅದರ ಬಲ ಹೆಚ್ಚು, 6ರಿಂದ 8 ಗಂಟೆಯವರೆಗೂ ಉಳಿದಿರುತ್ತದೆ. ಆದ್ದರಿಂದ ಊಟಕ್ಕೆ 30 ನಿಮಿಷ ಮೊದಲು ಹಾಕಿಕೊಳ್ಳಲು ಹೇಳುತ್ತೇವೆ. ಇನ್ನೊಂದು, ಲಿಸ್ಪ್ರೊ, ಅಸ್ಪಾರ್ಟ್, ಗ್ಲುಲಿಸಿನ್ ಎಂಬ ಹೊಸ ಬಗೆಯವು. ಇವು ಕಾಲು ಗಂಟೆಯಲ್ಲೇ ಕೆಲಸ ಶುರು ಮಾಡಿ 3ರಿಂದ 5 ಗಂಟೆಯಲ್ಲಿ ಮುಗಿಸುತ್ತವೆ. ತಟ್ಟೆಗೆ ಕೂರುವ ಮುನ್ನ, ಹೆಚ್ಚೆಂದರೆ 15 ನಿಮಿಷ ಮೊದಲು ಇವನ್ನು ಹಾಕಿಕೊಳ್ಳಬೇಕು. ಅರ್ಧ ಗಂಟೆ ಮೊದಲು ಹಾಕಿಕೊಂಡು ಕುಳಿತರೆ ಊಟ ಬರುವುದಕ್ಕೆ ಮೊದಲೇ ಬೆವರು ಬರುತ್ತದೆ.

30/70 ಎಂದು ಬರೆದಿರುವ ಬಾಟಲಿ ಊಟದ ಇನ್ಸುಲಿನ್ನನ್ನೂ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ನನ್ನೂ ಬೆರೆಸಿದ ಮಿಶ್ರಣ. ಅದು ಹಾಲಿನಂತೆ ಬೆಳ್ಳಗಿರುತ್ತದೆ. ಕುಲುಕಬೇಡಿ, ಎರಡು ಅಂಗೈಗಳ ನಡುವೆ ಇಟ್ಟು ನಿಧಾನವಾಗಿ ಹತ್ತಿಪ್ಪತ್ತು ಸಲ ಉರುಳಿಸಿ. ಅದರಲ್ಲಿಯೂ ಊಟದ ಪಾಲು ಇರುವುದರಿಂದ ಹಾಕಿಕೊಂಡ ಮೇಲೆ ಊಟ ತಪ್ಪಿಸುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. "ತಿಳಿ ನೀರಿನಂತಿರುವುದು ಊಟದ್ದು, ಬೆಳ್ಳಗಿರುವುದು ರಾತ್ರಿಯದು" ಎಂದು ಕೆಲವರು ಗುರುತು ಇಟ್ಟುಕೊಂಡಿರುತ್ತಾರೆ. ಹಿಂದೆ ಅದು ನಡೆಯುತ್ತಿತ್ತು. ಈಗ ಗ್ಲಾರ್ಜಿನ್ ಕೂಡ ತಿಳಿಯಾಗಿಯೇ ಇರುತ್ತದೆ. ರಾತ್ರಿಯ 20 ಯೂನಿಟ್ ಬದಲು ಊಟದ ಇನ್ಸುಲಿನ್ 20 ಯೂನಿಟ್ ಹೋಗಿಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಎರಡು ಬಾಟಲಿ ಅಥವಾ ಎರಡು ಪೆನ್ ಇರುವ ಮನೆಯಲ್ಲಿ ಊಟದ್ದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ. ಕಣ್ಣು ಮಂಜಾದ ಹಿರಿಯರಿಗೂ ಕೈಗೆ ತಿಳಿಯುತ್ತದೆ.

ಬಾಟಲಿಗೆ ತಕ್ಕ ಸಿರಿಂಜು

ಈ ವಿಷಯ ಸಣ್ಣದೆಂದು ಕಾಣುತ್ತದೆ, ಸಣ್ಣದಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನ ಇನ್ಸುಲಿನ್ ಬಾಟಲಿಗಳು ಒಂದು ಮಿ.ಲೀ.ಗೆ 40 ಯೂನಿಟ್ ಇರುವಂಥವು. ಅವುಗಳಿಗೆ ಕೆಂಪು ಮುಚ್ಚಳದ ಸಿರಿಂಜು. ಕೆಲವು ಬಾಟಲಿಗಳಲ್ಲಿ ಒಂದು ಮಿ.ಲೀ.ಗೆ 100 ಯೂನಿಟ್ ಇರುತ್ತದೆ. ಅವುಗಳಿಗೆ ಕಿತ್ತಳೆ ಮುಚ್ಚಳದ ಸಿರಿಂಜು. ಅದಲು ಬದಲಾದರೆ ಏನಾಗುತ್ತದೆ ನೋಡಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗುವುದು 10 ಅಲ್ಲ, 25 ಯೂನಿಟ್. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10 ಎಳೆದರೆ ಹೋಗುವುದು ಬರೀ 4 ಯೂನಿಟ್. ಅಂಗಡಿಯವರು "ಎಲ್ಲಾ ಒಂದೇ, ತಗೊಳ್ಳಿ" ಎಂದರೂ ಬಾಟಲಿಯ ಮೇಲಿನ ಸಂಖ್ಯೆ, ಮುಚ್ಚಳದ ಬಣ್ಣ ಎರಡನ್ನೂ ಕೂಡಿಸಿ ನೋಡಿಯೇ ದುಡ್ಡು ಕೊಡಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿನಲ್ಲಿ ಎಳೆಯಬೇಡಿ.

ಪೆನ್ ಬಳಸುವವರು ಪ್ರತಿ ಸಲ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು, ಸೂಜಿಯ ತುದಿಯಲ್ಲಿ ಹನಿ ಬಂದದ್ದನ್ನು ನೋಡಿಕೊಳ್ಳಿ. ಚುಚ್ಚಿ ಗುಂಡಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ. ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದ್ದರೂ, ಸೂಜಿ ಬದಲಿಸಿದರೂ, ಒಂದೇ ಪೆನ್ ಇಬ್ಬರು ಬಳಸಬಾರದು. ರಕ್ತದ ಮೂಲಕ ಹರಡುವ ಕಾಯಿಲೆಗಳು ಹಾಗೆ ದಾಟುತ್ತವೆ.

ಊಟ ಕಣ್ಣಿಗೆ ಕಂಡ ಮೇಲೆ ಸೂಜಿ

ವಾರ್ಡಿನಲ್ಲಿ ನಾವು ದಿನವೂ ಹೇಳುವ ಮಾತು ಇದು. ಮನೆಯಲ್ಲಿ ಅಡುಗೆ ಆಗಿದೆಯೇ, ಇಳಿಸಿದ್ದಾರೆಯೇ ಎಂದು ನೋಡಿದ ಮೇಲೆಯೇ ಸೂಜಿ ಕೈಗೆ ತೆಗೆದುಕೊಳ್ಳಿ. ಅದಕ್ಕೂ ಮೊದಲು ಮಾಪಕ ಇದ್ದವರು ಸಕ್ಕರೆ ನೋಡಿಕೊಳ್ಳಿ. 70 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಸೂಜಿ ಬೇಡ. ಮೊದಲು ಸಕ್ಕರೆ ನೀರು ಕುಡಿದು ಸರಿಮಾಡಿಕೊಂಡು, ಆಮೇಲೆ ಊಟ, ಡೋಸಿನ ವಿಷಯ ವೈದ್ಯರನ್ನು ಕೇಳಿ.

ಮದುವೆಗೆ ಹೊರಟವರನ್ನು ನೆನೆಸಿಕೊಳ್ಳಿ. ಹನ್ನೊಂದೂವರೆಗೆ ಊಟ ಎಂದು ನಂಬಿ ಮನೆಯಲ್ಲೇ ಇನ್ಸುಲಿನ್ ಹಾಕಿಕೊಂಡು ಬಸ್ ಹತ್ತುತ್ತಾರೆ. ಮುಹೂರ್ತ ತಡ, ಆಮೇಲೆ ಫೋಟೊ, ಆಮೇಲೆ ಎರಡನೇ ಪಂಕ್ತಿ. ಒಂದು ಗಂಟೆಗೆ ಛತ್ರದ ಮೂಲೆಯಲ್ಲಿ ಬೆವತು ಕೂತಿರುತ್ತಾರೆ, ಸುತ್ತಲಿನವರು "ಸೆಕೆಗೆ ಆಗಿದೆ" ಎಂದು ಗಾಳಿ ಬೀಸುತ್ತಾರೆ. ಜಾತ್ರೆಯ ದಿನ ದಾಸೋಹದಲ್ಲಿ ಪ್ರಸಾದಕ್ಕೆ ಕಾಯುವವರದ್ದೂ ಇದೇ ಕತೆ. ಇಂಥ ಕಡೆ ಇನ್ಸುಲಿನ್ ಜೊತೆಯಲ್ಲಿ ಒಯ್ಯಿರಿ. ರೆಗ್ಯುಲರ್ ಇನ್ಸುಲಿನ್ ಆದರೂ ಎಲೆ ಹಾಕಿದ ಮೇಲೆಯೇ ಹಾಕಿಕೊಳ್ಳಿ. ಅರ್ಧ ಗಂಟೆ ಮೊದಲು ಹಾಕಿಕೊಳ್ಳದ್ದರಿಂದ ಆ ಹೊತ್ತು ಸಕ್ಕರೆ ಸ್ವಲ್ಪ ಏರಬಹುದು, ಕುಸಿಯುವುದಕ್ಕಿಂತ ಅದು ಮೇಲು. ಸೂಜಿ ಹಾಕಿಕೊಂಡಾಗಿದೆ, ಊಟ ಮಾತ್ರ ಬರಲಿಲ್ಲ ಎಂದಾದರೆ ನಾಚಿಕೆಪಡದೆ ಒಂದು ಬಾಳೆಹಣ್ಣು, ನಾಲ್ಕು ಬಿಸ್ಕತ್ತು, ಒಂದು ಲೋಟ ಹಾಲು, ಏನು ಸಿಕ್ಕಿತೋ ಅದನ್ನು ತಿಂದು ಕುಡಿದುಬಿಡಿ.

ಒಂದು ಹೊತ್ತಿನ ಊಟ ಬಿಟ್ಟರೆ ಆ ಹೊತ್ತಿನ ಊಟದ ಇನ್ಸುಲಿನ್ ಬಿಡಬೇಕು. ಆದರೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ನೀವಾಗಿಯೇ ಬಿಡಬಾರದು. ಅದರಲ್ಲೂ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇರುವ ಮಕ್ಕಳು, ಯುವಕರು ಅದನ್ನು ಬಿಟ್ಟರೆ ಒಂದೆರಡು ದಿನದಲ್ಲಿ ವಾಂತಿ, ಏದುಸಿರು ಶುರುವಾಗಿ ತುರ್ತು ಚಿಕಿತ್ಸೆಗೆ ಬರಬೇಕಾಗುತ್ತದೆ. ಶಿವರಾತ್ರಿ, ಶ್ರಾವಣ ಸೋಮವಾರದ ಉಪವಾಸ ಮಾಡುವವರು ನಾಲ್ಕು ದಿನ ಮೊದಲೇ ಬಂದು ಡೋಸು ಕೇಳಿಕೊಂಡು ಹೋಗಿ. ಮಾರನೆಯ ದಿನ ಬಂದು ಹೇಳಿದರೆ ನಮಗೆ ಮಾಡಲು ಏನೂ ಉಳಿದಿರುವುದಿಲ್ಲ.

ಊಟದ ಇನ್ಸುಲಿನ್ ಮರೆತು ಉಂಡುಬಿಟ್ಟಿರಾ? ಮುಂದಿನ ಊಟಕ್ಕೆ ಎರಡೂ ಡೋಸು ಕೂಡಿಸಿ ಹಾಕಿಕೊಳ್ಳಬೇಡಿ. ಹಾಗೆಯೇ ಉಂಡು ಎರಡು ಗಂಟೆಯ ಮೇಲೆ ಸಕ್ಕರೆ 250 ಬಂತೆಂದು ಗಾಬರಿಯಿಂದ ಮತ್ತೊಂದು ಸೂಜಿ ಚುಚ್ಚಿಕೊಳ್ಳಬೇಡಿ. ಮೊದಲಿನದು ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ, ಎರಡೂ ಸೇರಿ ಸಂಜೆ ಹೊತ್ತಿಗೆ ಕೆಡವುತ್ತವೆ.

ಎಷ್ಟು ಉಣ್ಣಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಆಹಾರ ತಜ್ಞರನ್ನು ಕೇಳಿ. ನಾನು ಹೇಳುವುದು ಇಷ್ಟು: ದಿನವೂ ಒಂದೇ ಅಳತೆ ಇರಲಿ. ಎರಡು ರೊಟ್ಟಿ ಎಂದು ಲೆಕ್ಕ ಹಾಕಿ ಡೋಸು ಬರೆದಿದ್ದರೆ ಒಂದು ದಿನ ಅರ್ಧ ರೊಟ್ಟಿ, ಒಂದು ದಿನ ನಾಲ್ಕು ರೊಟ್ಟಿ ತಿಂದರೆ ಯಾವ ಡೋಸೂ ಹೊಂದುವುದಿಲ್ಲ. "ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದು" ಎಂಬ ನಂಬಿಕೆ ಬಿಡಿ. ರಾಗಿಯಲ್ಲಿ ನಾರು ಹೆಚ್ಚು ನಿಜ, ಆದರೆ ಅದರಲ್ಲಿ ಪಿಷ್ಟವೂ ಇದೆ, ಮುದ್ದೆ ದೊಡ್ಡದಾದಷ್ಟೂ ಸಕ್ಕರೆ ಏರುತ್ತದೆ. ಜ್ವರ ಬಂದು ಊಟ ಸೇರದ ರೋಗಿಗೆ, ಎಷ್ಟು ಉಣ್ಣುತ್ತಾರೋ ತಿಳಿಯದ ಹಿರಿಯರಿಗೆ, ಹೊಸ ಬಗೆಯ ಇನ್ಸುಲಿನ್ ಇದ್ದರೆ ಊಟ ಮುಗಿದ ಕೂಡಲೇ ಉಂಡಷ್ಟಕ್ಕೆ ತಕ್ಕಂತೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರ ದೇಹದಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅವರಿಗೆ ಹಳೆಯ ಡೋಸೇ ಹೆಚ್ಚಾಗಿಬಿಡಬಹುದು.

ಸಕ್ಕರೆ ಕುಸಿದಾಗ

ಈ ಭಾಗ ಜೊತೆಗಿರುವವರಿಗೆ. ಏಕೆಂದರೆ ಸಕ್ಕರೆ ಕುಸಿದಾಗ ರೋಗಿಗೆ ತನಗೇನಾಗುತ್ತಿದೆ ಎಂಬುದೇ ತಿಳಿಯದೆ ಹೋಗಬಹುದು. ಮೊದಲು ಕೈ ನಡುಗುತ್ತದೆ, ತಣ್ಣನೆ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಿಪರೀತ ಹಸಿವಾಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ. ಸೌಮ್ಯ ಸ್ವಭಾವದ ಅಜ್ಜ ಇದ್ದಕ್ಕಿದ್ದಂತೆ ರೇಗಿದರೆ "ವಯಸ್ಸಾಯಿತು" ಎಂದು ಬಿಡಬೇಡಿ, ಸಕ್ಕರೆ ನೋಡಿ. ಮಾಪಕ ಇಲ್ಲದಿದ್ದರೆ ಕುಸಿದಿದೆ ಎಂದೇ ತಿಳಿದು ಉಪಚಾರ ಮಾಡಿ.

ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಬಿಸ್ಕತ್ತೋ ಊಟವೋ ಕೊಡಬೇಕು, ಇಲ್ಲದಿದ್ದರೆ ಮತ್ತೆ ಕುಸಿಯುತ್ತದೆ. ಚಾಕಲೇಟು, ಶೇಂಗಾ ಚಿಕ್ಕಿ, ಮೈಸೂರುಪಾಕ್ ಈ ಹೊತ್ತಿಗೆ ಒಳ್ಳೆಯದಲ್ಲ. ಅವುಗಳಲ್ಲಿರುವ ಎಣ್ಣೆ, ತುಪ್ಪದಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ: ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನೂ ನುಂಗುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು. ನಿಮ್ಮ ಚೀಟಿಯಲ್ಲಿ ಈ ಹೆಸರಿದೆಯೇ ಎಂದು ಸಿಸ್ಟರ್‌ಗೆ ತೋರಿಸಿ ಕೇಳಿ.

ಪ್ರಜ್ಞೆ ಇಲ್ಲದವರ, ನುಂಗಲು ಆಗದವರ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ. ಶ್ವಾಸಕೋಶಕ್ಕೆ ಹೋಗಿ ಉಸಿರುಗಟ್ಟುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆತನ್ನಿ. "ಇನ್ಸುಲಿನ್ ತೆಗೆದುಕೊಳ್ಳುತ್ತಾರೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಈ ಊರಿನ ಆಸ್ಪತ್ರೆಗೇ ಬರಬೇಕೆಂದು ಹಟ ಬೇಡ.

ರಾತ್ರಿ ತಡವಾಗಿ ಊಟ ಮಾಡಿ ರೆಗ್ಯುಲರ್ ಇನ್ಸುಲಿನ್ ಹಾಕಿಕೊಂಡವರಿಗೆ ನಡುರಾತ್ರಿಯಲ್ಲಿ ಕುಸಿಯಬಹುದು. ಬೆಳಗ್ಗೆ ಎದ್ದಾಗ ಹಾಸಿಗೆ ಬೆವರಿನಿಂದ ಒದ್ದೆಯಾಗಿದ್ದರೆ, ತಲೆನೋವಿದ್ದರೆ, ಕೆಟ್ಟ ಕನಸು ಬಿದ್ದರೆ ವೈದ್ಯರಿಗೆ ತಿಳಿಸಿ. ಮದ್ಯಪಾನ ಮಾಡುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಎಲ್ಲಿ ಚುಚ್ಚಬೇಕು, ಎಲ್ಲಿ ಇಡಬೇಕು

ಊಟದ ಇನ್ಸುಲಿನ್‌ಗೆ ಹೊಟ್ಟೆಯೇ ಸರಿಯಾದ ಜಾಗ, ಅಲ್ಲಿಂದ ಬೇಗ ಹೀರಿಕೊಳ್ಳುತ್ತದೆ. ಹೊಕ್ಕಳಿನಿಂದ ಎರಡು ಬೆರಳು ದೂರ ಬಿಡಿ. ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಿನಷ್ಟಾದರೂ ಆಚೆ ಚುಚ್ಚಿ. ನೋವಾಗುವುದಿಲ್ಲವೆಂದು ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಮೆತ್ತಗಿನ ಗಂಟು ಕಟ್ಟಿ ಇನ್ಸುಲಿನ್ ಒಂದು ದಿನ ಹೀರುತ್ತದೆ, ಒಂದು ದಿನ ಹೀರುವುದಿಲ್ಲ. ಗಂಟಿನ ಜಾಗ ಬಿಟ್ಟು ಬೇರೆ ಕಡೆ ಚುಚ್ಚಲು ಶುರು ಮಾಡಿದಾಗ ಸಕ್ಕರೆ ಕುಸಿಯಬಹುದು, ಆದ್ದರಿಂದ ಹೇಳಿ ಕೇಳಿ ಬದಲಿಸಿ.

ತೆರೆಯದ ಬಾಟಲಿಯನ್ನು ಫ್ರಿಜ್ಜಿನ ಬಾಗಿಲ ಕಡೆ ಇಡಿ, ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದವರು ಚಿಂತಿಸಬೇಕಿಲ್ಲ. ನೀರು ಒಳಗೆ ಹೋಗದಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಾಟಲಿ ಇಟ್ಟು, ಆ ಡಬ್ಬಿಯನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಟ್ಟು, ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿ ಇಡಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, 4 ವಾರ ಕಳೆದರೆ ಉಳಿದಿದ್ದರೂ ಬಳಸಬೇಡಿ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೂ ಬೇಡ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ನಮಗೇ ತಂದುಕೊಡಿ. ಕಸದ ಬುಟ್ಟಿಗೆ ಹಾಕಿದರೆ ಕಸ ಎತ್ತುವವರ ಕೈಗೆ ಚುಚ್ಚುತ್ತದೆ.

ಮುಂದಿನ ಸಲ ಹೊರರೋಗಿ ವಿಭಾಗಕ್ಕೆ ಬರುವಾಗ ಬರೀ ಚೀಟಿ ತರಬೇಡಿ. ಬಾಟಲಿ ಅಥವಾ ಪೆನ್, ನೀವು ಬಳಸುವ ಸಿರಿಂಜು, ಸಕ್ಕರೆ ಬರೆದಿಟ್ಟ ಪುಸ್ತಕ ಎಲ್ಲ ತನ್ನಿ. ಪುಸ್ತಕದಲ್ಲಿ ಸೂಜಿ ಹಾಕಿಕೊಂಡ ಹೊತ್ತು, ಉಂಡ ಹೊತ್ತು ಎರಡನ್ನೂ ಬರೆದಿರಿ. ಮನೆಯಲ್ಲಿ ಸೂಜಿ ಹಾಕುವವರು ಮಗಳೋ ಸೊಸೆಯೋ ಆಗಿದ್ದರೆ ಅವರನ್ನೇ ಕರೆದುಕೊಂಡು ಬನ್ನಿ. ಒಂದು ಡೋಸನ್ನು ನಮ್ಮೆದುರಿಗೇ ಅವರಿಂದ ಎಳೆಸಿ ನೋಡುತ್ತೇವೆ.