ಹಡಗಿಗೂ ವಿಮಾನಕ್ಕೂ ನಡುವೆ ಒಂದು ರಾತ್ರಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಆ ದೇಶದ ದೊಡ್ಡ ಕ್ರೂಸ್ ಬಂದರುಗಳಲ್ಲೊಂದು. ಚಳಿಗಾಲದಲ್ಲಿ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ, ತೇವ ತುಂಬಿದ ಗಾಳಿ ದಡದ ಬಳಿಯ ತಣ್ಣನೆಯ ನೀರಿನ ಮೇಲೆ ಹಾದಾಗ ಅಲ್ಲಿ ದಟ್ಟ ಮಂಜು ಕವಿಯುತ್ತದೆ. ಹಡಗನ್ನು ಕಾಲುವೆಯೊಳಗೆ ನಡೆಸಿಕೊಂಡು ಬರಬೇಕಾದವರು ಸ್ಥಳೀಯ ಪೈಲಟ್‌ಗಳು; ಮಂಜು ವಿಪರೀತವಾದರೆ ಅವರು ಆ ಕೆಲಸ ನಿಲ್ಲಿಸುತ್ತಾರೆ. ಬೆಳಗಿನ ಜಾವಕ್ಕೆ ದಕ್ಕೆ ಸೇರಬೇಕಿದ್ದ ಹಡಗು ಸಾವಿರಾರು ಜನರನ್ನು ಹೊತ್ತು ಹೊರಸಮುದ್ರದಲ್ಲೇ ಕಾಯುತ್ತದೆ, ಕೆಲವು ಗಂಟೆ, ಕೆಲವೊಮ್ಮೆ ಇಡೀ ದಿನ. ಅತ್ತ ಸಮೀಪದ ಹ್ಯೂಸ್ಟನ್‌ನಿಂದ ಅವರು ಹಿಡಿಯಬೇಕಿದ್ದ ವಿಮಾನ ಹೊತ್ತಿಗೆ ಸರಿಯಾಗಿ ಹಾರಿ ಹೋಗಿರುತ್ತದೆ. ಈ ನಷ್ಟ ಯಾರ ಲೆಕ್ಕಕ್ಕೆ? ಬಹುತೇಕ ಸಂದರ್ಭಗಳಲ್ಲಿ ಪ್ರಯಾಣಿಕರ ಲೆಕ್ಕಕ್ಕೇ. ಅದೂ ತೀರ್ಮಾನವಾಗುವುದು ಮಂಜು ಕವಿದ ದಿನವಲ್ಲ, ಟಿಕೆಟ್ ಕೊಂಡ ದಿನ.

ಕಾರಣ ಸರಳ. ಹಡಗಿನ ಟಿಕೆಟ್ ಒಂದು ಕರಾರು, ವಿಮಾನದ್ದು ಇನ್ನೊಂದು. ಹಾಸನದಿಂದ ಬರುವ ಬಸ್ಸು ನೆಲಮಂಗಲದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಬೆಂಗಳೂರಿನಲ್ಲಿ ಹಿಡಿಯಬೇಕಿದ್ದ ರೈಲು ಕಾಯುವುದಿಲ್ಲ, ಇಲ್ಲಿಯೂ ಅಷ್ಟೇ. ಯುರೋಪಿನ 261/2004 ನಿಯಮವಾಗಲಿ, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮಗಳಾಗಲಿ ಪರಿಹಾರ ಅಥವಾ ನೆರವು ಕೊಡಿಸುವುದು ವಿಮಾನ ರದ್ದಾದಾಗ, ತಡವಾದಾಗ ಅಥವಾ ಟಿಕೆಟ್ ಇದ್ದೂ ಹತ್ತಿಸಿಕೊಳ್ಳದಿದ್ದಾಗ. ಪ್ರಯಾಣಿಕರೇ ತಡವಾಗಿ ಬಂದಾಗ ಅಲ್ಲ. ಇನ್ನು ಹಡಗಿನ ಕಂಪನಿಗಳ ಕರಾರುಗಳಲ್ಲಿ ಹವಾಮಾನದಿಂದಾದ ವಿಳಂಬಕ್ಕೆ ತಾವು ಹೊಣೆಯಲ್ಲ ಎಂಬ ಷರತ್ತು ಸಾಮಾನ್ಯ. ಕಾನೂನೂ ಇಲ್ಲಿ ಕೈ ಹಿಡಿಯುವುದು ಕಡಿಮೆ. ಐರೋಪ್ಯ ಒಕ್ಕೂಟದ 1177/2010 ನಿಯಮ ಗುರಿ ತಲುಪುವುದು ತಡವಾದರೆ ಫೆರ್ರಿ ಪ್ರಯಾಣಿಕರಿಗೆ ಪರಿಹಾರ ಕೊಡಿಸುತ್ತದೆ. ಆದರೆ ಆ ಕಲಮು ಕ್ರೂಸ್ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲವೆಂದು ಅದೇ ನಿಯಮ ಹೇಳುತ್ತದೆ.

ತಡ ಮಾಡಿದವರು ದಂಡ ತೆರಬೇಡವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲ ವಿಳಂಬವೂ ಒಂದೇ ಅಲ್ಲ. ಗ್ಯಾಲ್ವೆಸ್ಟನ್‌ನಿಂದಲೇ ಹೊರಟಿದ್ದ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ 2013ರ ಫೆಬ್ರುವರಿ 10ರಂದು ಬೆಂಕಿ ಬಿತ್ತು. 3,000ಕ್ಕೂ ಹೆಚ್ಚು ಪ್ರಯಾಣಿಕರಿದ್ದ ಹಡಗನ್ನು ಟಗ್ ದೋಣಿಗಳು ಅಲಬಾಮಾದ ಮೊಬೀಲ್ ಬಂದರಿಗೆ ಎಳೆದು ತಂದಾಗ 14ರ ರಾತ್ರಿ. ಕಂಪನಿ ಪೂರ್ತಿ ಹಣ ಮರಳಿಸಿತು, ಮೇಲೆ ತಲಾ 500 ಡಾಲರ್ ಕೊಟ್ಟಿತು, ಬಸ್ಸು ವಿಮಾನಗಳ ಏರ್ಪಾಡನ್ನೂ ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಕ್ರೂಸ್ ಕಂಪನಿಗಳ ಒಕ್ಕೂಟ ಸಿಎಲ್ಐಎ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಒಪ್ಪಿಕೊಂಡಿತು. ಯಂತ್ರ ಕೆಟ್ಟು ಪ್ರಯಾಣ ಅರ್ಧಕ್ಕೇ ನಿಂತರೆ ಊರಿಗೆ ತಲುಪಿಸುವ ಮಾತು ಅದರಲ್ಲಿದೆ, ಮಂಜಿನ ಮಾತು ಇಲ್ಲ. ಈ ಭೇದ ಕಂಪನಿಗಳಿಗೆ ಅನುಕೂಲಕರ ನಿಜ, ಅರ್ಥಹೀನವಲ್ಲ. ಎಂಜಿನ್ನನ್ನು ಸುಸ್ಥಿತಿಯಲ್ಲಿಡುವುದು ಕಂಪನಿಯ ಕೈಯಲ್ಲಿದೆ. ಮಂಜು ಯಾರ ಕೈಯಲ್ಲೂ ಇಲ್ಲ. ತಪ್ಪಿದ ಪ್ರತಿ ವಿಮಾನದ ಬಿಲ್ಲೂ ಕಂಪನಿಗೇ ಬರುವಂತಾದರೆ, ಕಣ್ಣು ಕಾಣದ ಕಾಲುವೆಗೆ ಹಡಗು ನುಗ್ಗಿಸುವ ಒತ್ತಡ ಕ್ಯಾಪ್ಟನ್ ಮೇಲೆ ಬೀಳುತ್ತದೆ. ಅದು ಯಾರಿಗೂ ಬೇಡ.

ಹಾಗಾದರೆ ಎರಡು ಕರಾರುಗಳನ್ನು ಒಂದಾಗಿಸುವ ದಾರಿ ಇದೆಯೇ? ಇದೆ. ಯುರೋಪಿನ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ ಹಡಗು, ವಿಮಾನ ಎರಡನ್ನೂ ಒಂದೇ ಪ್ಯಾಕೇಜಾಗಿ ಮಾರಿದವರು ಇಡೀ ಪ್ರವಾಸಕ್ಕೆ ಹೊಣೆ. ತಪ್ಪಿಸಲಾಗದ ಅಸಾಧಾರಣ ಕಾರಣದಿಂದ ಪ್ರಯಾಣಿಕರು ಮರಳಲಾಗದಿದ್ದರೂ ಸಾಮಾನ್ಯವಾಗಿ ಮೂರು ರಾತ್ರಿಯವರೆಗಿನ ವಸತಿ ಖರ್ಚು ಮಾರಿದವರದೇ. ಅಮೆರಿಕದಲ್ಲಿ ರಾಯಲ್ ಕೆರಿಬಿಯನ್ನಿನ ಏರ್‌ಟುಸೀ, ಪ್ರಿನ್ಸೆಸ್‌ನ ಈಝೀಏರ್‌ನಂಥ ಯೋಜನೆಗಳಲ್ಲಿ ಹಡಗಿನ ಕಂಪನಿಯ ಮೂಲಕವೇ ವಿಮಾನ ಕಾದಿರಿಸಬಹುದು. ತಡವಾದರೆ ಬೇರೆ ವಿಮಾನ ಹುಡುಕಲು ಅವರ ಸಿಬ್ಬಂದಿ ನೆರವಾಗುತ್ತಾರೆ. ದರ ಕೆಲವೊಮ್ಮೆ ಹೆಚ್ಚು, ಆಯ್ಕೆ ಕಡಿಮೆ ಎಂಬ ದೂರು ಸುಳ್ಳಲ್ಲ. ಆದರೆ ಆ ಹೆಚ್ಚಿನ ಹಣ ಸೀಟಿಗಲ್ಲ, ಕಷ್ಟಕಾಲದ ನೆರವಿಗೆ ಎಂದು ತಿಳಿದು ಲೆಕ್ಕ ಹಾಕಬೇಕು.

ಎರಡೂ ಟಿಕೆಟ್ ಬೇರೆ ಬೇರೆಯಾಗಿ ಕೊಂಡು, ಹಡಗು ತಡವಾಗಿಯೇ ಬಿಟ್ಟರೆ? ವಿಮಾನ ಹೊರಡುವ ಮುನ್ನವೇ ಟಿಕೆಟ್ ಬದಲಿಸುವುದು ಮೊದಲ ಕೆಲಸ. ಅಮೆರಿಕನ್, ಡೆಲ್ಟಾ, ಯುನೈಟೆಡ್ ಕಂಪನಿಗಳು 2020ರಲ್ಲಿ ಅತಿ ಅಗ್ಗದ ಬೇಸಿಕ್ ಎಕಾನಮಿ ಬಿಟ್ಟು ಹೆಚ್ಚಿನ ಟಿಕೆಟ್‌ಗಳಿಗೆ ಬದಲಾವಣೆ ಶುಲ್ಕ ತೆಗೆದುಹಾಕಿದವು. ದರದ ವ್ಯತ್ಯಾಸ ಕಟ್ಟಿದರಾಯಿತು. ತಿಳಿಸದೆ ವಿಮಾನ ತಪ್ಪಿಸಿಕೊಂಡರೆ ‘ನೋ ಶೋ’ ಎಂದು ದಾಖಲಾಗಿ ಟಿಕೆಟ್ಟಿನ ಬೆಲೆಯೇ ಹೋಗಬಹುದು. ಹ್ಯೂಸ್ಟನ್, ದೋಹಾ, ಬೆಂಗಳೂರು ಎಂದು ಒಂದೇ ಟಿಕೆಟ್ ಇದ್ದರೆ ಮೊದಲ ವಿಮಾನ ತಪ್ಪಿದೊಡನೆ ಮುಂದಿನದೂ ರದ್ದಾಗುತ್ತದೆ. ಎಲ್ಲರೂ ಒಮ್ಮೆಲೇ ಮೊಬೈಲ್ ಹಿಡಿದು ಕೂತಾಗ ಹಡಗಿನ ವೈಫೈ ಕುಂಟುತ್ತದೆ. ಅಮೆರಿಕದಲ್ಲಿರುವ ಮಗನಿಗೋ ಮಗಳಿಗೋ ಪಿಎನ್‌ಆರ್ ಕಳುಹಿಸಿ ಅವರಿಂದಲೇ ಫೋನ್ ಮಾಡಿಸುವುದು ಸುಲಭ. ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿಯೇ ಕ್ಯಾಬಿನ್ ಬಾಗಿಲ ಹೊರಗಿಟ್ಟು ಸಿಬ್ಬಂದಿಗೆ ಒಪ್ಪಿಸುವ ರೂಢಿ ಇರುವುದರಿಂದ ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಇಳಿಯುವ ಮುನ್ನ ಹಡಗಿನ ಕೌಂಟರಿನಿಂದ ವಿಳಂಬದ ಪತ್ರ ಪಡೆಯಿರಿ. ವಿಮೆಗೆ ಅರ್ಜಿ ಹಾಕುವಾಗ ಅದೇ ಆಧಾರ.

ವಿಮೆ ಇದ್ದರೆ ಸಾಲದೇ ಎಂಬುದು ಇನ್ನೊಂದು ವಾದ. ಪ್ರವಾಸ ವಿಳಂಬದ ವಿಮೆ ಹೋಟೆಲು, ಊಟದ ಖರ್ಚು ಕೊಡುತ್ತದೆ, ಆದರೆ ಪಾಲಿಸಿಯಲ್ಲಿ ಹೇಳಿದಷ್ಟು ಗಂಟೆ ಕಳೆದ ಮೇಲೆ, ಹೇಳಿದ ಮಿತಿಯೊಳಗೆ. ವಿಮೆ ಹಣ ಮರಳಿಸಬಹುದು, ಭರ್ತಿಯಾದ ವಿಮಾನದಲ್ಲಿ ಸೀಟು ಹುಟ್ಟಿಸಲಾರದು. ಆದ್ದರಿಂದ ಹಡಗು ತಡವಾಗುವ ಸಂಭವ ಎಷ್ಟು ಎಂದು ಊಹಿಸುತ್ತ ಕೂರುವುದಕ್ಕಿಂತ, ಈ ವಿಮಾನ ತಪ್ಪಿದರೆ ಮುಂದಿನದು ಯಾವಾಗ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳುವುದು ಮೇಲು. ಮುಂಬೈಯಲ್ಲಿ ಕ್ರೂಸ್ ಇಳಿದು ಬೆಂಗಳೂರಿಗೆ ಮರಳುವವರಿಗೆ ದಿನವಿಡೀ ವಿಮಾನಗಳಿವೆ. ಸಂಜೆಯದನ್ನು ಕಾದಿರಿಸಿದರೆ ಸಾಕು. ಅದೂ ತಪ್ಪಿದರೆ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನಾದರೂ ಕೇಳಿ ಪಡೆಯಿರಿ. ಬಳಸದ ಟಿಕೆಟ್ಟಿಗೂ ಅವನ್ನು ಮರಳಿಸಬೇಕೆಂಬುದು ಡಿಜಿಸಿಎ ನಿಯಮ. ಆದರೆ ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್‌ನಲ್ಲಿ ಇಳಿದು ಅರ್ಧ ಭೂಮಿ ದಾಟಿ ಊರಿಗೆ ಬರುವವರು ಒಂದು ರಾತ್ರಿ ಅಲ್ಲೇ ತಂಗಿ ಮರುದಿನ ಹೊರಡುವುದು ಲೇಸು. ಹೋಟೆಲಿನ ಖರ್ಚು ದಂಡವೆನಿಸಬಹುದು. ಕೊನೆ ಗಳಿಗೆಯಲ್ಲಿ ಭಾರತಕ್ಕೆ ಕೊಳ್ಳುವ ಹೊಸ ಟಿಕೆಟ್ಟಿನ ಮುಂದೆ ಅದು ಸಣ್ಣ ಮೊತ್ತ.